ಬಲೆ ಎಳೆಯುವಾಗ ಕಪ್ಪು ಹೊಗೆ ಏಕೆ?

ಕಾರವಾರದ ಬೈತಖೋಲ್ ಬಂದರಿನ, ಬಲೆ ಎಳೆಯುವ ಟ್ರಾಲ್ ಬೋಟು ಕಪ್ಪು ಹೊಗೆ ಉಗುಳಿದರೆ, ದುಡ್ಡು ಕೊಟ್ಟ ಡೀಸೆಲ್ ಒಂದಷ್ಟು ಪೂರ್ತಿ ಉರಿಯದೆ ಮಸಿಯಾಗುತ್ತಿದೆ. ಒಂದು ಕಿಲೋ ಡೀಸೆಲ್ಲಿಗೆ ಲೆಕ್ಕದಲ್ಲಿ ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಬೆರೆಯಲು ಸಿಗುವುದು ಕೆಲವೇ ಮಿಲಿಸೆಕೆಂಡು, ಹಾಗಾಗಿ ಗಾಳಿ ಧಾರಾಳವಾಗಿಯೇ ಬೇಕು.

ಮೊದಲು ಏರ್ ಫಿಲ್ಟರ್ ನೋಡಿ. ಇಂಜಿನ್ ಕೋಣೆಗೆ ಗಾಳಿ ಬರುವ ದಾರಿಯಲ್ಲಿ ಬಲೆ, ಹಗ್ಗ ಪೇರಿಸಬೇಡಿ.

ನಂತರ ಡೀಸೆಲ್ ಅನ್ನು ಸಿಲಿಂಡರಿನೊಳಗೆ ಚಿಮ್ಮಿಸುವ ಇಂಜೆಕ್ಟರ್. ಇದೇ ಮುಖ್ಯ. ಅದನ್ನು ಒತ್ತಡ ತೋರಿಸುವ ಟೆಸ್ಟರಿಗೆ ಕಟ್ಟಿ ಪಂಪ್ ಮಾಡಿ. ಹಳೆಯ ಮಾದರಿಯವು ಸಾಮಾನ್ಯವಾಗಿ 200 ಬಾರ್ ಒತ್ತಡದ ಆಸುಪಾಸಿನಲ್ಲಿ ತೆರೆಯುತ್ತವೆ. ಸರಿಯಾದ ಅಂಕಿ ನಿಮ್ಮ ಇಂಜಿನ್ನಿನ ಮ್ಯಾನುಯಲ್‌ನಲ್ಲಿದೆ. ಸ್ಪ್ರಿಂಗ್ ಸೋತರೆ ಒತ್ತಡ ಇಳಿಯುತ್ತದೆ, ಹನಿ ದಪ್ಪವಾಗುತ್ತದೆ, ಪೂರ್ತಿ ಉರಿಯುವ ಮೊದಲೇ ಹೊರಬೀಳುತ್ತದೆ. ಸ್ಪ್ರೇ ಮಂಜಿನಂತಿರಬೇಕು, ತುದಿ ತೊಟ್ಟಿಕ್ಕಬಾರದು. ಸ್ಪ್ರೇ ಎದುರು ಕೈ ಒಡ್ಡಲೇಬೇಡಿ: ಚರ್ಮ ತೂರಿ ಒಳಹೋಗುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಇವೆರಡೂ ಸರಿಯಿದ್ದೂ ಹೊಗೆ ಬಂದರೆ ಪ್ರೊಪೆಲ್ಲರ್ ಮೇಲೆ ಅನುಮಾನಪಡಿ. ಅದರ ಪಿಚ್ (ರೆಕ್ಕೆಯ ಓರೆ) ಹೆಚ್ಚಿದ್ದರೆ ಇಂಜಿನ್ ತನ್ನ ಪೂರ್ಣ ಆರ್‌ಪಿಎಂ ಮುಟ್ಟದೆ ಏದುಸಿರುಬಿಡುತ್ತದೆ. ಆಗ ಇಂಜೆಕ್ಟರಿಗೆ ಡೀಸೆಲ್ ಕೊಡುವ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವುದು ತಪ್ಪು. ಹೊಗೆಯೂ ಬಿಸಿಯೂ ಏರುತ್ತವೆ, ಎಳೆತ ಅಷ್ಟಾಗಿ ಹೆಚ್ಚುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ನೀರಾಗಿ ಇಳಿದು ಇಂಜೆಕ್ಟರ್ ತುದಿಯ ನಾಝಲ್ಲಿಗೆ ತುಕ್ಕು ತರುತ್ತದೆ. ಟ್ಯಾಂಕ್ ತುಂಬಿಸಿಡಿ, ಆಗಸ್ಟಿನಲ್ಲಿ ಇಂಜಿನ್ ಚಾಲೂ ಮಾಡುವ ಮೊದಲು ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಬಿಚ್ಚಿ ನೀರು ಬಸಿಯಿರಿ.