ಲುಕ್ಬಾನ್‌ನ ಹಿತ್ತಲಲ್ಲಿ ಬಿಕೊ ಕಲಿತದ್ದು

ಫಿಲಿಪ್ಪೀನ್ಸ್‌ಗೆ ಹೋಗಿದ್ದು ಪಹಿಯಾಸ್ ಹಬ್ಬ ನೋಡೋಕೆ. ಪ್ರತಿ ವರ್ಷ ಮೇ 15ಕ್ಕೆ ಕೆಜೋನ್ ಪ್ರಾಂತ್ಯದ ಲುಕ್ಬಾನ್‌ನಲ್ಲಿ, ರೈತರ ಸಂತ ಸ್ಯಾನ್ ಇಸಿದ್ರೊ ಹೆಸರಲ್ಲಿ ನಡೆಯುತ್ತದೆ. ಮನೆಗಳ ಮುಂಭಾಗಕ್ಕೆಲ್ಲ ತರಕಾರಿ, ಭತ್ತದ ತೆನೆ, ಕಿಪಿಂಗ್ ಅನ್ನೋ ಬಣ್ಣದ ಅಕ್ಕಿ ಹಪ್ಪಳ ಕಟ್ಟಿರುತ್ತಾರೆ. ಚೆಂದ ಇದೆ, ಫೋಟೋಗಳೂ ಬೇಕಾದಷ್ಟು ಸಿಗುತ್ತವೆ. ನನ್ನ ಮನಸ್ಸಲ್ಲಿ ಉಳಿದದ್ದು ಮಾತ್ರ ಹಬ್ಬದ ಹಿಂದಿನ ದಿನ ಒಂದು ಮನೆಯ ಹಿತ್ತಲಲ್ಲಿ ಮಾಡಿದ ಬಿಕೊ, ಅಂದ್ರೆ ಅಂಟು ಅಕ್ಕಿ, ಕಾಯಿಹಾಲು, ಸಕ್ಕರೆಯ ಸಿಹಿ.

ಮೊದಲೇ ದುಡ್ಡು ಕಟ್ಟಿದ್ದ ರೂಮನ್ನು ಗೆಸ್ಟ್‌ಹೌಸಿನವರು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಇವತ್ತಿಗೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಹಬ್ಬದ ಸಮಯಕ್ಕೆ ಹೋಗೋರು ಹೊರಡುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಖಾತ್ರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಹತ್ತಿರದ ಲುಸೇನಾ ನಗರದಲ್ಲೇ ಉಳಿದು ಬೆಳಗ್ಗೆ ಬೇಗ ಜೀಪ್ನಿ (ಅಲ್ಲಿನ ಶೇರ್ ಜೀಪು) ಹತ್ತಿ. ನಾವು ಬ್ಯಾಗು ಹೊತ್ತು ಬೀದಿಯಲ್ಲಿ ನಿಂತಿದ್ದಾಗ ಎದುರು ಮನೆಯ ಅಜ್ಜಿ ಕರೆದು ಒಂದು ಕೋಣೆ ಕೊಟ್ಟರು. ಎಲ್ಲರೂ ಅವರನ್ನು ನಾನಾಯ್, ಅಂದ್ರೆ ಅಮ್ಮ, ಅಂತ ಕರೀತಿದ್ದರು.

ಹಿತ್ತಲಲ್ಲಿ ಅವರ ಮಗ ಕುಡ್ಕುರನ್ ಮೇಲೆ ಕೂತು ಕಾಯಿ ತುರೀತಿದ್ದ. ಹಲ್ಲಿರೋ ಕಬ್ಬಿಣ ಹೊಡೆದ ಪುಟ್ಟ ಮಣೆ, ಥೇಟ್ ನಮ್ಮ ತುರಿಮಣೆ. ತುರಿಯಿಂದ ಹಿಂಡಿದ ಮೊದಲ ದಪ್ಪ ಹಾಲು ಬೇರೆ ಎತ್ತಿಟ್ಟರು. ನೀರು ಹಾಕಿ ಹಿಂಡಿದ ಎರಡನೇ ಹಾಲಲ್ಲಿ, ನೆನೆಸಿಟ್ಟ ಮಲಗ್ಕಿತ್ ಅನ್ನೋ ಅಂಟು ಅಕ್ಕಿಯನ್ನು ಪಂಡಾನ್ ಅನ್ನೋ ಘಮದ ಎಲೆ ಒಂದನ್ನು ಗಂಟು ಕಟ್ಟಿ ಹಾಕಿ ಬೇಯಿಸಿದರು.

ದಪ್ಪ ಹಾಲಲ್ಲಿ ಸ್ವಲ್ಪ ಬಾಣಲೆಗೆ ಹೋಯಿತು. ಸಣ್ಣ ಉರಿ. ತುಂಬಾ ಹೊತ್ತು ಬರೀ ಗುಳುಗುಳು. ಆಮೇಲೆ ಹಾಲು ಒಡೆದು, ಎಣ್ಣೆ ಮೇಲೆ ಬಂದು, ತಳದಲ್ಲಿ ಬಿಳಿ ಗಸಿ ಕೂತು, ಅದು ಮೆಲ್ಲಗೆ ಹೊಂಬಣ್ಣಕ್ಕೆ ತಿರುಗಿತು. ಇದೇ ಲಾಟಿಕ್. ಪೂರ್ತಿ ಕಂದು ಆಗೋ ಮೊದಲೇ ನಾನಾಯ್ ಬಾಣಲೆ ಇಳಿಸಿದರು, ಬಿಸಿ ಎಣ್ಣೆಯಲ್ಲಿ ಅದು ಇನ್ನೂ ಹುರಿಯುತ್ತಲೇ ಇರುತ್ತದೆ. ಆ ಎಣ್ಣೆಯನ್ನೇ ಬೆಂಕಿಗೆ ಬಾಡಿಸಿದ ಬಾಳೆಲೆಗೆ ಸವರಿದರು.

ಉಳಿದ ದಪ್ಪ ಹಾಲಿಗೆ ಕಂದು ಸಕ್ಕರೆ ಹಾಕಿ ಪಾಕ ಮಾಡೋವಾಗ ನಾನು ಕೇಳಿದೆ, ಇದನ್ನು ಅಕ್ಕಿ ಜೊತೆ ಮೊದಲೇ ಹಾಕಿದ್ದರೆ ಬೇಗ ಮುಗೀತಿತ್ತು ಅಲ್ವಾ ಅಂತ. ನಾನಾಯ್ ಮೊಮ್ಮಗಳು ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಅಜ್ಜಿ ಸೌಟು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಸಕ್ಕರೆ ಮೊದಲೇ ಬಿದ್ದರೆ ಅಕ್ಕಿ ಮುನಿಸಿಕೊಳ್ಳುತ್ತೆ. ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗಲ್ಲ."

"ಏಲಕ್ಕಿ ಹಾಕಲ್ವಾ?"

"ಹಾಕಿದರೆ ಏನಾಗುತ್ತೆ?"

"ಘಮ ಬರುತ್ತೆ."

"ಕಾಯಿಗೇ ಘಮ ಇದೆಯಲ್ಲ, ಅದನ್ನ ಯಾಕೆ ಮುಚ್ಚೋದು?"

ನಮ್ಮಲ್ಲಿ ಯಾವ ಸಿಹಿಗಾದರೂ ಏಲಕ್ಕಿ ಬೀಳಲೇಬೇಕು. ಅವತ್ತು ಬಿಕೊ ತಿಂದ ಮೇಲೆ ಅಜ್ಜಿ ಹೇಳಿದ್ದೇ ಸರಿ ಅನ್ನಿಸಿತು. ಕಾಯಿ, ಸಕ್ಕರೆ, ಚಿಟಿಕೆ ಉಪ್ಪು, ಅಷ್ಟೇ. ಮೇಲೆ ಉದುರಿಸಿದ ಲಾಟಿಕ್ ಮಾತ್ರ ಹಲ್ಲಿಗೆ ಗರಿಗರಿ.

ಪಾಕಕ್ಕೆ ಅನ್ನ ಬಿದ್ದ ಮೇಲೆ ಕೈ ಬಿಡೋ ಹಾಗಿಲ್ಲ. ಮರದ ಸೌಟಲ್ಲಿ ಸರದಿ ಮೇಲೆ ಎಲ್ಲರೂ ತಿರುವಿದೆವು, ನನ್ನ ತೋಳು ಸೋತು ಹೋಯಿತು. ಮುದ್ದೆ ಬಾಣಲೆಯ ಅಂಚು ಬಿಟ್ಟು ಬಂದಾಗ ಬಾಳೆಲೆ ಹಾಸಿದ ಬಿದಿರಿನ ದುಂಡು ತಟ್ಟೆಗೆ ಸುರಿದು ತಟ್ಟಿದರು. ಅಂಥ ತಟ್ಟೆಗಳು ಸಾಲಾಗಿ ಇದ್ದವು. ಇಷ್ಟೊಂದು ಯಾರಿಗೆ ಅಂದರೆ, ಯಾರು ಬರ್ತಾರೋ ಅವರಿಗೆ ಅಂದರು. ಮರುದಿನ ಗುರುತು ಪರಿಚಯ ಇಲ್ಲದವರೂ ಒಳಗೆ ಬಂದರು, ಕೂತರು, ತಿಂದರು. ಹೆಸರನ್ನೂ ಯಾರೂ ಕೇಳಲಿಲ್ಲ. ಅಲಂಕಾರಕ್ಕಿಂತ ಇದು ನನ್ನನ್ನು ಜಾಸ್ತಿ ತಟ್ಟಿತು.

ಮನಿಲಾದ ಮಾಲ್ ಒಂದರಲ್ಲಿ ಮತ್ತೆ ಬಿಕೊ ತಿಂದೆ. ಬರೀ ಸಕ್ಕರೆ, ಲಾಟಿಕ್ ಮೆತ್ತಗೆ. ಬೇಡ.

ಮನೆಯಲ್ಲಿ ಮಾಡೋರಿಗೆ: ಸೋನಾ ಮಸೂರಿಯಿಂದ ಆಗಲ್ಲ, ಅಂಟೋದಿಲ್ಲ. ಅಸ್ಸಾಮಿನ ಬೋರಾ ಅಕ್ಕಿ ಆಗುತ್ತದೆ, ಈಶಾನ್ಯ ರಾಜ್ಯಗಳ ಸಾಮಾನು ಮಾರೋ ಅಂಗಡಿಗಳಲ್ಲಿ ಕೇಳಿ. ರಾತ್ರಿಯೇ ನೆನೆಹಾಕಿ. ಕಂದು ಸಕ್ಕರೆ ಬದಲು ಬೆಲ್ಲ ನಡೆಯುತ್ತದೆ. ಕಾಯಿಹಾಲು ಹಾಕಿದ್ದು ಸೆಕೆಯಲ್ಲಿ ಬೇಗ ಹಳಸುತ್ತದೆ, ಮಾಡಿದ ದಿನವೇ ಹಂಚಿಬಿಡಿ.