ಕರೆಂಟ್ ಹೋದಾಗಲೂ ಉಸಿರಾಡಬೇಕಲ್ವಾ

ಮೂಡಿಗೆರೆ ಕಡೆ ಮಳೆ ಹಿಡಿದರೆ ಹೋದ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದೇ ಇಲ್ಲ. ಹಾಗಿರುವಾಗ ಉಬ್ಬಸ ಇರುವವರ ಮನೆಗೆ ಒಂದು ನೆಬ್ಯುಲೈಸರ್ (ಔಷಧವನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಕರೆಂಟಿನ ಯಂತ್ರ) ತಂದಿಟ್ಟು, ಇನ್ನೇನು ಭಯವಿಲ್ಲ ಅಂತ ಕೂರುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಅತ್ತೆಗೆ ಬಹಳ ವರ್ಷದಿಂದ ಆಸ್ತಮಾ. ನಾವು ನಂಬಿರುವುದು ಪಂಪ್, ಅಂದರೆ ಇನ್ಹೇಲರ್, ಮತ್ತು ಅದರ ಬಾಯಿಗೆ ಸಿಕ್ಕಿಸುವ ಸ್ಪೇಸರನ್ನು. ಆ ಪ್ಲಾಸ್ಟಿಕ್ ಡಬ್ಬಿಗೆ ಕರೆಂಟ್ ಬೇಡ. ಪ್ರಾಣಕ್ಕೆ ಬರುವಷ್ಟು ಜೋರಲ್ಲದ ಉಬ್ಬಸಕ್ಕೆ ಪಂಪ್, ಸ್ಪೇಸರ್ ಸೇರಿದರೆ ನೆಬ್ಯುಲೈಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಪೇಸರ್ ಇಲ್ಲದೆ ಬರೀ ಪಂಪ್ ಒತ್ತಿದರೆ ಔಷಧದಲ್ಲಿ ಜಾಸ್ತಿ ಪಾಲು ನಾಲಿಗೆಗೂ ಗಂಟಲಿಗೂ ಮೆತ್ತಿಕೊಂಡು ಅಲ್ಲೇ ಉಳಿಯುತ್ತದೆ.

ಪಂಪಿನಲ್ಲಿ ಎರಡು ಥರ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಬರುವ ಸಾಲ್ಬ್ಯುಟಮಾಲ್, ಬಿಗಿದುಕೊಂಡ ಉಸಿರಿನ ದಾರಿಯನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ, ನಾಲ್ಕಾರು ಗಂಟೆ ಕಳೆದರೆ ಅದರ ಕೆಲಸ ಮುಗಿಯಿತು. ಇನ್ನೊಂದು ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಪಂಪ್, ಬುಡೆಸೊನೈಡ್ ಥರದ್ದು. ಒಳಗಿನ ಊತ ಇಳಿಸುವುದು ಇದು. ಆದರೆ ಎಳೆದುಕೊಂಡ ಕೂಡಲೇ ಏನೂ ಗೊತ್ತಾಗುವುದಿಲ್ಲ, ಪೂರ್ತಿ ಹಿಡಿತಕ್ಕೆ ಬರಲು ವಾರಗಳೇ ಬೇಕು, ಹಾಗಾಗಿ ಸ್ವಲ್ಪ ಹುಷಾರಾದರೆ ಜನ ಮೊದಲು ಬಿಡುವುದೂ ಇದನ್ನೇ. ನೀಲಿಯೊಂದನ್ನೇ ನೆಚ್ಚಿಕೊಂಡಿರಬೇಡಿ ಅಂತ ಆಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೇ 2019ರಿಂದ ಹೇಳುತ್ತಿದೆ. ಈಗ ಸ್ಟೀರಾಯ್ಡ್ ಜೊತೆ, ಉಸಿರಿನ ದಾರಿ ಸಡಿಲ ಮಾಡುವ ಫಾರ್ಮೊಟೆರಾಲ್ ಇರುವ ಒಂದೇ ಪಂಪನ್ನು ಎರಡೂ ಕೆಲಸಕ್ಕೆ ಬರೆಯುವ ಡಾಕ್ಟರುಗಳೂ ಇದ್ದಾರೆ.

"ಪಂಪ್ ಅಭ್ಯಾಸ ಆಗಿಬಿಡುತ್ತೆ ಕಣಮ್ಮಾ" ಅನ್ನುವವರು ನಮ್ಮ ಊರಲ್ಲಿ ಮನೆಗೊಬ್ಬರು. ಅಭ್ಯಾಸ ಆಗುವುದು ಔಷಧವಲ್ಲ, ಕಾಯಿಲೆ ಹೋಗಿಲ್ಲ ಅಷ್ಟೇ. ಸ್ಟೀರಾಯ್ಡ್ ಅಂದರೆ ಹೆದರುವವರಿಗೆ ಒಂದು ಲೆಕ್ಕ: ಒಂದು ಪಫ್ಫಿನಲ್ಲಿ, ಅಂದರೆ ಪಂಪ್ ಒಂದು ಸಲ ಒತ್ತಿದರೆ, ಇರುವುದು 100, 200 ಮೈಕ್ರೋಗ್ರಾಂ. ಪಂಪ್ ಬಿಟ್ಟು, ಜೋರಾಗಿ, ಆಸ್ಪತ್ರೆ ಸೇರಿದರೆ ಕೊಡುವ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ, ಆಗಬಹುದು. ಔಷಧ ಬೇರೆ ಬೇರೆ, ನೇರವಾಗಿ ತೂಗುವ ಹಾಗಿಲ್ಲ, ಆದರೂ ಯಾವುದಕ್ಕೆ ಹೆದರಬೇಕು ನೀವೇ ನೋಡಿ. ಪಂಪ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು. ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಜೀವಂತ ಮೀನು ನುಂಗಿ ಬನ್ನಿ ಅನ್ನುವ ನೆಂಟರೂ ನಮಗಿದ್ದಾರೆ. ಹೋಗುವವರು ಹೋಗಲಿ, ಪಂಪ್ ಮಾತ್ರ ಬಿಟ್ಟು ಹೋಗಬೇಡಿ.

ಮನೆಯೊಳಗಿನ ದೊಡ್ಡ ಶತ್ರು ಹೊಗೆ. ಬಚ್ಚಲ ಒಲೆಗೆ ಮಳೆಗಾಲದ ಹಸಿ ಸೌದೆ ತುಂಬಿದರೆ ಮನೆಯೆಲ್ಲ ಹೊಗೆ, ಅದರ ಮೇಲೆ ಸಂಜೆಗೆ ಸಾಂಬ್ರಾಣಿ, ರಾತ್ರಿಗೆ ಸೊಳ್ಳೆ ಕಾಯಿಲ್. ಅತ್ತೆ ದೇವರ ಮನೆಯ ಊದುಬತ್ತಿ ಬಿಡುವುದಕ್ಕೆ ಒಪ್ಪಲು ಬಹಳ ಕಾಲ ಹಿಡಿಯಿತು, ಈಗ ತುಪ್ಪದ ದೀಪ ಒಂದೇ. ಸೌದೆ ಒಣಗಿದ್ದೇ ಬೇಕು, ಒಲೆ ಉರಿಸುವುದು ಬೇರೆಯವರು. ಆಮೇಲೆ ಬೂಷ್ಟು. ಆಷಾಢದಲ್ಲಿ ಗೋಡೆ, ಬೀರು, ಚಪ್ಪಲಿ ಯಾವುದನ್ನೂ ಬಿಡುವುದಿಲ್ಲ. ಬೂಷ್ಟು ಒರೆಸುವುದು, ಹಳೇ ಟ್ರಂಕಿನಿಂದ ಕಂಬಳಿ ತೆಗೆದು ಕೊಡವುವುದು, ಇವೆರಡೂ ಅತ್ತೆಯ ಕೆಲಸವಲ್ಲ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ದಿಂಬಿನ ಕವರು, ಹಾಸಿಗೆ ಬಟ್ಟೆ ವಾರಕ್ಕೊಮ್ಮೆ ಬಿಸಿನೀರಿಗೆ.

ಕಾಫಿಯವರಿಗೆ ಇನ್ನೊಂದು ಮಾತು. ಹುರಿಯದ ಬೀಜದ ಧೂಳು ಕೆಲವರಿಗೆ ಅಲರ್ಜಿ ಮಾಡುತ್ತದೆ. ಹಲ್ಲಿಂಗ್ (ಬೀಜದ ಸಿಪ್ಪೆ ಬಿಡಿಸುವುದು) ಮಾಡುವಾಗ, ಚೀಲ ಕೊಡವುವಾಗ ಉಸಿರು ಕಟ್ಟುತ್ತಿದ್ದರೆ, ರಜೆಯ ದಿನ ಆರಾಮ ಅನ್ನಿಸುತ್ತಿದ್ದರೆ, ಅದನ್ನು ಡಾಕ್ಟರಿಗೆ ಹೇಳಿ. ಮೈಕೈ ನೋವಿಗೆ ಅಂಗಡಿಯಲ್ಲಿ ಸುಮ್ನೆ ಕೇಳಿ ತರುವ ಆಸ್ಪಿರಿನ್, ಐಬುಪ್ರೊಫೆನ್ ಕೂಡ ಕೆಲವರಿಗೆ ಉಬ್ಬಸ ಎಬ್ಬಿಸುತ್ತವೆ.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಬಂದೇ ಬರುತ್ತದೆ. ಆಗ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ನೀಲಿ ಪಂಪ್ ಕುಲುಕಿ ಸ್ಪೇಸರಿಗೆ ಒಂದು ಪಫ್, ಅದರಲ್ಲಿ 4 ಸಲ ಉಸಿರಾಟ. ಹೀಗೆ ಒಂದೊಂದಾಗಿ 4 ಪಫ್. 4 ನಿಮಿಷ ನೋಡಿ. ಸುಧಾರಿಸದಿದ್ದರೆ 108ಕ್ಕೆ ಫೋನ್ ಮಾಡಿ, ಅದು ಬರುವವರೆಗೂ ಇದೇ ರೀತಿ ಕೊಡುತ್ತಿರಿ. ನಿಮ್ಮ ಡಾಕ್ಟರು ಬೇರೆ ಥರ ಬರೆದುಕೊಟ್ಟಿದ್ದರೆ ಅದನ್ನೇ ಮಾಡಿ. ಮಾತು ಪೂರ್ತಿ ಮಾಡಲಾಗದೆ ಒಂದೊಂದೇ ಪದ ಬರುತ್ತಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ ಆ 4 ನಿಮಿಷವೂ ಕಾಯಬೇಡಿ. ಗೊರಗೊರ ಸದ್ದು ನಿಂತಿತು ಅಂತ ಸಮಾಧಾನವೂ ಬೇಡ, ಉಸಿರಿಗೆ ಒದ್ದಾಡುತ್ತಲೇ ಸದ್ದು ನಿಂತರೆ ಅದು ಇನ್ನೂ ಅಪಾಯ. ನಮ್ಮಂಥ ಎಸ್ಟೇಟ್ ಮನೆಗಳಿಗೆ ಮಳೆಯಲ್ಲಿ ದಾರಿಗೆ ಮರ ಬಿದ್ದಿರುತ್ತದೆ, ಆಂಬ್ಯುಲೆನ್ಸ್ ಒಳಗೆ ಬರುವುದಿಲ್ಲ, ಹಾಗಾಗಿ ಜೀಪ್ ಇರುವ ಪಕ್ಕದ ಮನೆಯವರಿಗೂ ಆಗಲೇ ಫೋನ್ ಹೋಗಬೇಕು, ಪಂಪ್ ಮತ್ತು ಸ್ಪೇಸರ್ ದಾರಿಯುದ್ದಕ್ಕೂ ಕೈಯಲ್ಲೇ ಇರಬೇಕು.