ಡ್ರಾಯಿಂಗ್ ಮೇಷ್ಟ್ರ ಗಣಪತಿ

ನಮ್ಮ ಡ್ರಾಯಿಂಗ್ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಒಂಬತ್ತನೇ ತರಗತಿಯ ಬೀಜಗಣಿತ ಕೇಳಿದರೆ ನಮ್ಮ ಬ್ಯಾಚಿನವರು ತಲೆ ಕೆರೆದುಕೊಂಡಾರು. ಗಣಪತಿ ಮಾಡುವ ಮಣ್ಣಿನ ಹದವನ್ನು ಮಾತ್ರ ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಶ್ರಾವಣ ಹುಟ್ಟುತ್ತಲೇ ಕೆರೆಯ ಜೇಡಿಮಣ್ಣು ಶಾಲೆಗೆ ಬರುತ್ತಿತ್ತು. ಅದನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಎರಡು ದಿನ ನೆನೆಹಾಕಬೇಕು. ಕಡಲೆ ಗಾತ್ರದ ಕಲ್ಲು ಉಳಿದರೂ ಒಣಗುವಾಗ ಅದರ ಸುತ್ತ ಬಿರುಕು. ಆಮೇಲೆ ಹಿಂಜಿದ ಹತ್ತಿ ಸೇರಿಸಿ ತುಳಿಯುವುದು. ಮೇಷ್ಟ್ರು ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡುವರು. ಬಾಗಿದ ಕಡೆ ಸೀಳಿದರೆ, "ಇನ್ನೂ ತುಳೀರೋ!"

ಒಂದಡಿ ಮೂರ್ತಿಗೆ ಐದಾರು ಕಿಲೋ ಮಣ್ಣು ಬೇಕು. ಮಣೆಯ ಮೇಲೆ ಪೀಠ, ಮಡಿಸಿದ ಕಾಲು, ಹೊಟ್ಟೆ, ತಲೆ. ಕೈ, ಕಿವಿ, ಸೊಂಡಿಲು ಕೊನೆಗೆ. ಅಂಟಿಸುವ ಎರಡೂ ಕಡೆ ಕಡ್ಡಿಯಿಂದ ಗೀರಿ, ಮಣ್ಣಿನ ಬಗ್ಗಡ ಸವರಿ ಒತ್ತಬೇಕು. ಬರೀ ನೀರು ಸವರಿದರೆ ಒಣಗಿದ ಮೇಲೆ ಕೈ ಕಳಚಿ ಮಡಿಲಿಗೆ ಬೀಳುತ್ತದೆ. ಸೊಂಡಿಲ ತುದಿ ಹೊಟ್ಟೆಗೋ ಎಡಗೈಯ ಮೋದಕಕ್ಕೋ ತಾಗಿರಬೇಕು, ಗಾಳಿಯಲ್ಲಿ ನಿಂತರೆ ಉಳಿಯದು. ಎಡಮುರಿಯೇ ಆಗಬೇಕೆಂದು ಅವರ ಹಠ: "ಬಲಮುರಿಗೆ ಮಡಿ ಜಾಸ್ತಿ ಕಣ್ರೋ, ನಿಮ್ಮ ಕೈಲಾಗಲ್ಲ." ಹೊಟ್ಟೆಯನ್ನು ಬೆನ್ನ ಕಡೆಯಿಂದ ಕೊರೆದು ಅಂಗುಲ ದಪ್ಪವಷ್ಟೇ ಉಳಿಸುತ್ತಿದ್ದರು. ಇಲ್ಲದಿದ್ದರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಉಳಿದು ಸೀಳುತ್ತದೆ. ಅದಕ್ಕೇ ನೆರಳಲ್ಲಿ, ಒದ್ದೆ ಬಟ್ಟೆ ಹೊದಿಸಿ, ಹತ್ತು ದಿನ ನಿಧಾನವಾಗಿ ಒಣಗಿಸುವುದು.

ಹಾಸ್ಟೆಲ್ ಹುಡುಗರಿಗೆ ಅಷ್ಟು ತಾಳ್ಮೆ ಎಲ್ಲಿ? ಒಂದು ವರ್ಷ ಹಬ್ಬ ಹತ್ತಿರ ಬಂತೆಂದು ರಾತ್ರೋರಾತ್ರಿ ಗಣಪತಿಯನ್ನು ಹೊತ್ತೊಯ್ದು ಅಡುಗೆಮನೆಯ ಒಲೆ ಪಕ್ಕ ಕೂರಿಸಿದರು. ಬೆಳಗ್ಗೆ ಒಲೆ ಕಡೆಯ ಕಿವಿ ನೆಲದಲ್ಲಿ, ಹೊಟ್ಟೆಯಲ್ಲಿ ಬೆರಳು ತೂರುವಷ್ಟು ಸೀಳು! ಮೇಷ್ಟ್ರು ಮೊದಲು ಹುಡುಗರ ಕಿವಿ ಹಿಂಡಿ, ಆಮೇಲೆ ಗಣಪತಿಯ ಕಿವಿಗೆ ಕೈ ಹಾಕಿದರು. ಸೀಳಿನ ಅಂಚು ಒದ್ದೆ ಮಾಡಿ, ಒಣಮಣ್ಣಿನ ಪುಡಿಗೆ ಹತ್ತಿ, ಗೋಂದು ಕಲಸಿ ತುಂಬಿದರು. ಹಸಿಮಣ್ಣು ತುಂಬಿದರೆ ಅದೂ ಕುಗ್ಗಿ ಮತ್ತೆ ಬಾಯಿಬಿಡುತ್ತದೆ. ಬಣ್ಣ ಬೇಡವೆಂದರು, ಹಸಿ ಮೈಯ ಮೇಲೆ ಬಣ್ಣ ಹಪ್ಪಳದಂತೆ ಏಳುತ್ತದೆ. ಚೌತಿಯ ದಿನ ಎಕ್ಕದ ಹಾರ, 21 ಗರಿಕೆಯ ಕಟ್ಟು ಬಿರುಕನ್ನು ಮುಚ್ಚಿದವು.

ಈಗ ಶಾಲೆಗೆ ಗಣಪತಿ ಪೇಟೆಯಿಂದ ಬರುತ್ತದೆ, ಡ್ರಾಯಿಂಗ್ ಪೀರಿಯಡ್ಡನ್ನು ಟೆಸ್ಟುಗಳು ನುಂಗಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲೇ ಪ್ಲಾಸ್ಟರ್ ಮೂರ್ತಿ ಬೇಡವೆಂದಿತು. ಅದರ ಬಗ್ಗೆ ಮಕ್ಕಳಿಂದ ಪ್ರಬಂಧ ಬರೆಸುತ್ತಾರೆ, ಮಣ್ಣು ಮುಟ್ಟಿಸುವುದಿಲ್ಲ. ನಮ್ಮ ಬ್ಯಾಚಿನ ಗಣಪತಿಯಷ್ಟು ಲಕ್ಷಣವಾದದ್ದು ಶಾಲೆಯ ಹಾಲ್‌ನಲ್ಲಿ ಮತ್ತೆ ಕೂತಿಲ್ಲ ಎಂದರೆ ಕಿರಿಯರು ಮುನಿಸಿಕೊಳ್ಳಬಾರದು.

ಸುಡದ, ಬಣ್ಣವಿಲ್ಲದ ಮೂರ್ತಿ ಬಕೆಟ್ ನೀರಲ್ಲೇ ಕರಗುತ್ತದೆ. ತಳದ ಮಣ್ಣನ್ನು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟರೆ ಮರುವರ್ಷಕ್ಕೆ ಇನ್ನೂ ಜಿಗುಟು. ಮುಂದಿನ ಶ್ರಾವಣಕ್ಕೆ ಶಾಲೆಯವರು ಮಣ್ಣು ತರಿಸಲಿ, ತುಳಿಯಲು ನಾವು ಬರುತ್ತೇವೆ.